‘ರಸ್ತೆ ಅಗಲೀಕರಣ’ದ ಉಲ್ಟಾ ಪದ ಯಾವ್ದು? (ರಸ್ತೆ, ಬೀದಿ, ಪಥ)

ಹಳೇ ಪೇಟೆ ಬೀದಿಗಳನ್ನ ನಡೆಯೋರಿಗೆ, ಸೈಕಲ್ಲಿನೋರಿಗೆ, ಬಸ್ಸಿಗೆ, ಕಾರಿಗೆ ಎಲ್ಲಕ್ಕೂ ಹೊಂದೋ ಹಾಗೆ ಮರಳಿ ಕಟ್ಟೋದರ ಬಗ್ಗೆ ಒಂದು ಬರಹ ಬರೀತಾ ಇದೀನಿ, ಇಂಜಿನಿಯರುಗಳಿಗಲ್ಲ, ಅಂಥ ಬೀದೀಲಿ ಮನೆನೋ ಅಂಗಡಿನೋ ಇಟ್ಕೊಂಡಿರೋ ಜನ ಓದ್ಲಿ ಅಂತ. ಒಂದು ಪದಕ್ಕೆ ಬಂದು ಸಿಕ್ಕಾಕೊಂಡಿದೀನಿ. ‘ರಸ್ತೆ ಅಗಲೀಕರಣ’ ಅನ್ನೋದನ್ನ ಯಾರಿಗೂ ಬಿಡಿಸಿ ಹೇಳ್ಬೇಕಿಲ್ಲ, ಪೇಪರ್ ಓದದೇ ಇರೋರಿಗೂ ಗೋಡೆ ಮೇಲೆ ಗುರುತು ಬಿದ್ದ ದಿನವೇ ಅರ್ಥ ಆಗೋಗುತ್ತೆ. ಅದರ ಉಲ್ಟಾ ಕೆಲಸಕ್ಕೆ, ಅಂದ್ರೆ ವಾಹನ ಓಡೋ ಜಾಗ ಬೇಕಂತಲೇ ಕಮ್ಮಿ ಮಾಡಿ ಅದನ್ನ ಮಿಕ್ಕೋರಿಗೆ ಹಂಚೋದಕ್ಕೆ ಏನಂತೀವಿ? ‘ಕಿರಿದಾಗಿಸುವಿಕೆ’ ಅಂತ ಬರೆದೆ, ‘ಸಂಕುಚಿತಗೊಳಿಸುವುದು’ ಅಂತಾನೂ ಬರೆದೆ, ಎರಡನ್ನೂ ಓದಿದ್ರೆ ಯಾರೋ ರಾತ್ರೋರಾತ್ರಿ ಒತ್ತುವರಿ ಮಾಡ್ಕೊಂಡ ಹಾಗೆ ಕೇಳ್ಸುತ್ತೆ. (ಅಂದಹಾಗೆ ಅಗಲೀಕರಣದ ಪಕ್ಕದಲ್ಲೇ ‘ಅಗಲಿಕೆ’ ಇದೆ ನೋಡಿ, ಬಿಟ್ಟು ಹೋಗೋದು, ತೀರಿಕೊಳ್ಳೋದು. ಸಾಲುಮರ ಕಳ್ಕೊಂಡ ಬೀದಿಗಳಿಗೆ ಎರಡೂ ಹೊಂದುತ್ತೆ ಬಿಡಿ.)

ಇಂಗ್ಲಿಷ್‌ನೋರು ಇದಕ್ಕೆ ‘ರೋಡ್ ಡಯಟ್’ ಅಂತಾರೆ. 1999ರಲ್ಲಿ ಅಮೆರಿಕದ ಡ್ಯಾನ್ ಬರ್ಡನ್, ಪೀಟರ್ ಲಾಗರ್‌ವೇ ಅನ್ನೋರು ಬರೆದ ಲೇಖನದಿಂದ ಆ ಮಾತು ಹಬ್ಬಿದ್ದು. ‘ರಸ್ತೆ ಪಥ್ಯ’ ಅಂತ ಒಬ್ರು ಸೂಚಿಸಿದ್ರು, ನಗು ಬಂತು, ಆದ್ರೆ ಪಥ್ಯ ಅಂದ ತಕ್ಷಣ ನಮಗೆ ಕಾಯಿಲೆ ನೆನಪಾಗುತ್ತೆ, ಉಪ್ಪಿಲ್ಲದ ಗಂಜಿ ನೆನಪಾಗುತ್ತೆ, ಡಯಟ್ ಅನ್ನೋ ಪದದಲ್ಲಿರೋ ‘ನಾನೇ ಇಷ್ಟಪಟ್ಟು ಮೈ ಇಳಿಸ್ತಾ ಇದೀನಿ’ ಅನ್ನೋ ಖುಷಿ ಅದ್ರಲ್ಲಿ ಇಲ್ಲ.

ಆದ್ರೆ ಕೂತು ಯೋಚನೆ ಮಾಡಿದ್ಮೇಲೆ ನಂಗನ್ಸಿದ್ದು, ತೊಡಕು ‘ಕಿರಿದು’ ಅನ್ನೋದ್ರಲ್ಲಿಲ್ಲ, ಅದಕ್ಕಿಂತ ಮುಂಚೆ ಬರೋ ‘ರಸ್ತೆ’ಯಲ್ಲೇ ಇದೆ ಅಂತ. ಒಂದು ಲೆಕ್ಕ ಹಾಕಿ ನೋಡಿ, ಗೋಡೆಯಿಂದ ಗೋಡೆಗೆ 20 ಮೀಟರ್ ಇರೋ ಒಂದು ಬೀದಿ ಅಂದ್ಕೊಳ್ಳಿ, ಎರಡೂ ಕಡೆ ತಲಾ 2 ಮೀಟರ್ ಫುಟ್‌ಪಾತ್, ಮೂರೂವರೆ ಮೀಟರಿನ ನಾಲ್ಕು ಲೇನ್, ಒಂದು ಕಡೆ 2 ಮೀಟರ್ ಪಾರ್ಕಿಂಗ್. ಅದನ್ನ ಬದಲಾಯಿಸಿ ತಲಾ 3 ಮೀಟರ್ ಫುಟ್‌ಪಾತು, ತಲಾ 2 ಮೀಟರ್ ಸೈಕಲ್ ದಾರಿ, ನಡುವೆ ಹತ್ತು ಮೀಟರಿನಲ್ಲಿ ಮೂರು ಲೇನ್ ಮಾಡಿದ್ರು (ಪಾರ್ಕಿಂಗ್ ಎಲ್ಲಿ ಹೋಯ್ತು ಅಂತ ಕೇಳ್ಬೇಡಿ, ಆ ಜಗಳ ಬೇರೆ). ಈಗ ಹೇಳಿ, ಏನು ಕಿರಿದಾಯ್ತು? ಗೋಡೆಯಿಂದ ಗೋಡೆಗೆ 20 ಮೀಟರ್ ಇದ್ದದ್ದು 20 ಮೀಟರೇ ಇದೆ. ಆದ್ರೆ ಕನ್ನಡದಲ್ಲಿ ‘ರಸ್ತೆ ಕಿರಿದು ಮಾಡ್ತಾರಂತೆ’ ಅಂತ ಒಂದು ಸಾಲು ಬರೆದ್ರೆ ಸಾಕು, ಇಡೀ ಬೀದಿಯನ್ನೇ ಯಾರೋ ಹಿಂಡ್ತಾರೆ ಅಂತ ಜನ ಎದ್ದು ಕೂರ್ತಾರೆ, ಯಾಕಂದ್ರೆ ನಮ್ಮ ಕಿವೀಲಿ ರಸ್ತೆ ಅಂದ್ರೆ ಡಾಂಬರು, ಡಾಂಬರು ಅಂದ್ರೆ ರಸ್ತೆ, ಫುಟ್‌ಪಾತು ಅದರ ಪಕ್ಕ ಇರೋ ಬೇರೇನೋ ಒಂದು.

ಹಾಗಾಗಿ ನನ್ನ ಸಲಹೆ, ಗೋಡೆಯಿಂದ ಗೋಡೆವರೆಗಿನ ಪೂರ್ತಿ ಜಾಗಕ್ಕೆ ‘ಬೀದಿ’, ಅದರೊಳಗೆ ವಾಹನ ಓಡೋ ಪಟ್ಟಿಗೆ ಮಾತ್ರ ‘ರಸ್ತೆ’ ಅಂತ ಬರಹದುದ್ದಕ್ಕೂ ಕಟ್ಟುನಿಟ್ಟಾಗಿ ಇಟ್ಕೊಂಡ್ರೆ ಹೇಗೆ? ಇದು ನಾನು ಕೂತು ಹೊಸೆದ ವ್ಯತ್ಯಾಸ ಅಲ್ಲ, ಬಳಕೇಲಿ ಹೆಚ್ಚುಕಮ್ಮಿ ಇರೋದೇ. ರಸ್ತೆ ಪಾರಸಿಯಿಂದ ಬಂದದ್ದು, ಬೀದಿ ಸಂಸ್ಕೃತದ ವೀಥಿಯ ತದ್ಭವ, ಎರಡೂ ಹೊರಗಿನಿಂದಲೇ ಬಂದ್ರೂ ಇಲ್ಲಿ ಬಂದ್ಮೇಲೆ ಕೆಲಸ ಹಂಚಿಕೊಂಡಿವೆ. ರಸ್ತೆ ತೆರಿಗೆ, ರಸ್ತೆ ಅಪಘಾತ, ರಸ್ತೆ ತಡೆ, ರಸ್ತೆ ಉಬ್ಬು ಎಲ್ಲ ಗಾಡಿಗೆ ಸಂಬಂಧಪಟ್ಟಿದ್ದು. ಬೀದಿದೀಪ, ಬೀದಿನಾಟಕ, ಬೀದಿವ್ಯಾಪಾರ, ರಥಬೀದಿ, ಎದುರುಬೀದಿ ಮನೆಯೋರು, ಇಲ್ಲೆಲ್ಲ ಜನ ಇದಾರೆ, ನಿಂತಿದಾರೆ, ಮಾತಾಡ್ತಿದಾರೆ. ‘ರಸ್ತೆನಾಟಕ’ ಅಂದ್ರೆ ಯಾರಿಗಾದ್ರೂ ಏನಾದ್ರೂ ತಿಳಿಯುತ್ತಾ?

ಇದಕ್ಕೆ ಆಕ್ಷೇಪ ಏನು ಬರುತ್ತೆ ಅಂತಾನೂ ಗೊತ್ತು. ‘ಬೀದಿಗೆ ಬಿದ್ದ’, ‘ಬೀದಿಪಾಲಾದ’, ‘ಬೀದಿಜಗಳ’, ‘ಬೀದಿನಾಯಿ’ ಅಂತ ಬೀದಿಗೆ ಒಂದು ಕೀಳು ವಾಸನೆ ಅಂಟಿಕೊಂಡಿದೆ, ಸರ್ಕಾರಿ ಯೋಜನೆ ಹೆಸರಲ್ಲಿ ಬೀದಿ ಅಂತ ಹಾಕೋಕೆ ಅಧಿಕಾರಿಗಳು ಹಿಂದೆಮುಂದೆ ನೋಡ್ತಾರೆ, ಬೋರ್ಡ್ ಬರೆಯೋವಾಗಲೂ ‘ಮುಖ್ಯ ರಸ್ತೆ’, ‘ಅಡ್ಡ ರಸ್ತೆ’ ಅಂತಾನೇ ಬರೀತಾರೆ. ಇದ್ರೂ ನಂಗೆ ಬೀದಿನೇ ಸರಿ. ‘ದಾರಿ’ ಅಂದ್ರೆ ಎಲ್ಲಿಗೋ ಹೋಗೋದು, ‘ಓಣಿ’ ಇಕ್ಕಟ್ಟು, ‘ಮಾರ್ಗ’ ಕರಾವಳಿ ಕಡೆ ದಿನಬಳಕೆ ಮಾತು ಆದ್ರೆ ಬಯಲುಸೀಮೇಲಿ ಬರೀ ಬೋರ್ಡಿನ ಮಾತು.

ಮುಂದಿನದು ಪಥ. ಲೇನ್‌ಗೆ ಪೇಪರಿನೋರು ಪಥ ಅಂತ ಖಾಯಂ ಮಾಡಿದಾರೆ, ಚತುಷ್ಪಥ, ಷಟ್ಪಥ, ಈಗ ದಶಪಥ. ಚೆನ್ನಾಗೇ ಇದೆ, ಆದ್ರೆ ಆ ಪದಗಳು ಹೆದ್ದಾರಿ ಜೊತೆ ಎಷ್ಟು ಬೆಸೆದುಕೊಂಡಿವೆ ಅಂದ್ರೆ ಅವು ಯಾವಾಗ್ಲೂ ಮೇಲಕ್ಕೇ ಏರ್ತವೆ. ‘ಚತುಷ್ಪಥವನ್ನು ತ್ರಿಪಥಕ್ಕೆ ಇಳಿಸಲಾಗುವುದು’ ಅಂತ ಬರೆದ್ರೆ ಹಿಂಬಡ್ತಿ ಆದ ಹಾಗಿರುತ್ತೆ, ಅದ್ರಲ್ಲಿ ಇರೋ ಯುಕ್ತಿ ಕಾಣಲ್ಲ. ಯುಕ್ತಿ ಏನು ಅಂದ್ರೆ, ನಾಲ್ಕು ಲೇನಿನ ಪೇಟೆ ರಸ್ತೇಲಿ ಎದುರಿನ ಗಾಡಿಗಳನ್ನ ದಾಟಿ ಆಚೆ ಕಡೆಗೆ ತಿರುಗಬೇಕಾದೋನು ಒಳಗಿನ ಲೇನಲ್ಲೇ ನಿಂತುಬಿಡ್ತಾನೆ, ಹಿಂದಿನೋರು ಸರ್ರನೆ ಪಕ್ಕದ ಲೇನಿಗೆ ನುಗ್ತಾರೆ, ಗುದ್ದಾಟ ಆಗೋದು ಅಲ್ಲೇ. ಎರಡು ಕಡೆಗೂ ಒಂದೊಂದು ಲೇನ್ ಇಟ್ಟು ನಡುವಿನ ಒಂದನ್ನ ತಿರುಗೋರಿಗೆ ಮಾತ್ರ ಬಿಟ್ರೆ ನಿಲ್ಲೋನು ಆ ಕಡೆ ನಿಲ್ತಾನೆ, ಹೋಗೋನು ಹೋಗ್ತಾನೆ. ಹೀಗೆ ನಾಲ್ಕನ್ನ ಮೂರು ಮಾಡಿದ ಕಡೆ ಅಪಘಾತ ಶೇ. 19ರಿಂದ 47ರವರೆಗೆ ಕಮ್ಮಿ ಆಗಿದೆ ಅಂತ ಅಮೆರಿಕದ ಹೆದ್ದಾರಿ ಆಡಳಿತವೇ ಹೇಳುತ್ತೆ, ದಿನಕ್ಕೆ 20,000 ವಾಹನದೊಳಗಿನ ರಸ್ತೆಗಳಿಗೆ ಇದು ಹೊಂದುತ್ತೆ ಅಂತಾನೂ ಹೇಳುತ್ತೆ. ಇಷ್ಟನ್ನೂ ‘ಇಳಿಕೆ’ ಅನ್ನೋ ಪದ ಹೊರಲ್ಲ. ‘ಲೇನ್ ಮರುಹಂಚಿಕೆ’ ಅಂತ ಸದ್ಯಕ್ಕೆ ಹಾಕಿದೀನಿ, ಅಥವಾ ‘ಬೀದಿ ಹಂಚಿಕೆ’. ಹಂಚಿಕೆ ಅಂದ್ರೆ ಪಾಲು ಅಂತಾನೂ ಆಯ್ತು, ಉಪಾಯ ಅಂತಾನೂ ಆಯ್ತು, ಎರಡೂ ಇಲ್ಲಿ ಬೇಕಾದ್ದೇ. ನಿಮಗೆ ಹೇಗನ್ಸುತ್ತೆ?

ಉಳಿದ ಕೆಲವು ಬೇಗ ಹೇಳ್ಬಿಡ್ತೀನಿ. ‘ಡೌನ್‌ಟೌನ್’ಗೆ ನಗರ ಕೇಂದ್ರ ಅಂತ ಯಾಕೆ ಒದ್ದಾಡ್ಬೇಕು, ಪೇಟೆ ಇದ್ಯಲ್ಲ. ‘ಕಂಪ್ಲೀಟ್ ಸ್ಟ್ರೀಟ್’ (ನಡೆಯೋರು, ಸೈಕಲ್ಲು, ಬಸ್ಸು, ಕಾರು ಎಲ್ಲಕ್ಕೂ ಜಾಗ ಇರೋ ಬೀದಿ) ಅನ್ನೋದು 2003ರ ಸುಮಾರಿಗೆ ಅಮೆರಿಕದಲ್ಲಿ ಹುಟ್ಟಿದ ಮಾತು, ‘ಸಂಪೂರ್ಣ ರಸ್ತೆ’ ಅಂತ ಅನುವಾದ ಆಗಿರೋದು ನೋಡಿದೆ, ಕಾಮಗಾರಿ ಮುಗಿದು ಬಿಲ್ ಪಾಸಾದ ರಸ್ತೆ ಅನ್ಸುತ್ತೆ, ‘ಎಲ್ಲರ ಬೀದಿ’ ಸಾಕು. ‘ನವೀಕರಣ’ ಲೈಸೆನ್ಸಿಗೂ ಆಗುತ್ತೆ ಬೀದಿಗೂ ಆಗುತ್ತೆ, ಅದಕ್ಕೇ ಸಪ್ಪೆ. ಹಳೇ ಪೇಟೇಲಿ ಈ ಕೆಲಸ ಶುರುವಾಗೋದೇ ಸಾಮಾನ್ಯವಾಗಿ ನೆಲದ ಕೆಳಗಿನ ಹಳೇ ನೀರಿನ ಪೈಪು, ಚರಂಡಿ, ಕೇಬಲ್ಲು ಬದಲಾಯಿಸ್ಬೇಕಾದಾಗ, ಹೇಗಿದ್ರೂ ಅಗೀತೀವಿ ಮೇಲಿಂದೂ ಸರಿ ಮಾಡೋಣ ಅಂತ, ಹಾಗಾಗಿ ‘ಜೀರ್ಣೋದ್ಧಾರ’ ಅನ್ನೋ ಆಸೆ ನಂದು, ಗುಡಿಗೆ ಕೆರೆಗೆ ಆಗೋದು ಬೀದಿಗೂ ಆಗ್ಲಿ, ಜೀರ್ಣ ಆಗಿರೋದಂತೂ ನಿಜ.

‘ಟ್ರಾಫಿಕ್ ಕಾಮಿಂಗ್’ (ಬೀದಿ ಕಟ್ಟೋ ರೀತಿಯಿಂದಲೇ ಗಾಡಿಗಳ ಅಬ್ಬರ ಇಳಿಸೋದು) ಇಂಗ್ಲಿಷಲ್ಲೂ ಸ್ವಂತದ್ದಲ್ಲ, ಜರ್ಮನ್ನಿನಲ್ಲಿದ್ದ ಉದ್ದದೊಂದು ಪದವನ್ನ ಹಾಗೇ ತಿರುಗಿಸ್ಕೊಂಡಿದ್ದು. ನಾವು ‘ಸಂಚಾರ ಶಮನ’ ಅಂದ್ರೆ ಔಷಧಿ ಅಂಗಡಿ ವಾಸನೆ ಬರುತ್ತೆ, ‘ವೇಗ ತಗ್ಗಿಸೋದು’ ಅಂದ್ರೆ ಅರ್ಥ ಸ್ವಲ್ಪ ಸಣ್ಣದಾದ್ರೂ ಓದೋನು ಎಡವಲ್ಲ. ಡಚ್ಚರ ‘ವೋನೆರ್ಫ್’ ಇದೆ ನೋಡಿ, ಡೆಲ್ಫ್ಟ್ ಊರಲ್ಲಿ ಶುರುವಾಗಿ 1976ರಲ್ಲಿ ಕಾನೂನಿನ ಮಾನ್ಯತೆ ಸಿಕ್ಕಿದ ಬೀದಿ, ಅಲ್ಲಿ ನಡೆಯೋರು ಆಡೋ ಮಕ್ಕಳು ಇಡೀ ಬೀದಿ ಬಳಸ್ಬೋದು, ಕಾರು ನಡಿಗೆ ವೇಗದಲ್ಲಿ ಬರ್ಬೇಕು. ಆ ಪದದ ಅರ್ಥ ಹೆಚ್ಚುಕಮ್ಮಿ ‘ವಾಸದ ಅಂಗಳ’. ‘ಹಂಚಿಕೆಯ ರಸ್ತೆ’ ಅಂತೆಲ್ಲ ಬರೆಯೋ ಬದಲು ‘ಅಂಗಳಬೀದಿ’ ಅನ್ನೋಣ್ವಾ? ವಠಾರ ಅಂತಾನೂ ಅನ್ಸಿತ್ತು, ಆದ್ರೆ ವಠಾರದಲ್ಲಿ ಮನೆಗಳು ಮುಖ್ಯ, ಬಯಲು ಅಲ್ಲ.

ಏನೂ ಹೊಳೀದೇ ಇರೋದು ಒಂದೇ. ಕರ್ಬ್‌ಗೆ ‘ಅಂಚುಗಲ್ಲು’ ಅಂತ ಒಪ್ಕೊಂಡಾಯ್ತು. ಬೀದಿ ಮೂಲೇಲಿ ದಾಟೋ ಕಡೆ ಮಾತ್ರ ಫುಟ್‌ಪಾತನ್ನ ಪಾರ್ಕಿಂಗ್ ಪಟ್ಟಿಯಷ್ಟು ರಸ್ತೆಯೊಳಕ್ಕೆ ಮುಂದೆ ತರ್ತಾರಲ್ಲ, ಎರಡೂ ಬದೀಲಿ 2 ಮೀಟರ್ ತಂದ್ರೆ ದಾಟೋ ದೂರ 4 ಮೀಟರ್ ಕಮ್ಮಿ ಆಯ್ತು, ಸೆಕೆಂಡಿಗೆ 1.2 ಮೀಟರ್ ನಡಿಗೆ ಅಂತ ಹಿಡಿದ್ರೆ ಮೂರು ಸೆಕೆಂಡಿಗೂ ಜಾಸ್ತಿ ಹೊತ್ತು ಗಾಡಿಗಳ ಎದುರು ಇರೋದು ತಪ್ತು, ತಿರುಗೋ ಕಾರು ನಿಧಾನ ಆಗೋದು ಬೇರೆ. ಅದಕ್ಕೆ ‘ಉಬ್ಬು’ ಅನ್ನೋ ಹಾಗಿಲ್ಲ, ರಸ್ತೆ ಉಬ್ಬು ಆಗ್ಲೇ ಅದನ್ನ ಹಿಡ್ಕೊಂಡಿದೆ. ‘ಮೂಲೆಚಾಚು’ ಅಂತ ನಾನು ಕಟ್ಟಿದೀನಿ. ಗಾರೆ ಕೆಲಸ, ಕಲ್ಲುಕೆಲಸದೋರ ಮಾತಲ್ಲಿ ಹೀಗೆ ಗೋಡೆ ಅಥವಾ ಜಗಲಿ ಮೂಲೇಲಿ ಮುಂದಕ್ಕೆ ಬರೋದಕ್ಕೆ ಬೇರೆ ಪದ ಇದ್ರೆ ದಯವಿಟ್ಟು ಹೇಳಿ, ಯಾವ ಕಡೆ ಬಳಕೆ ಅನ್ನೋದನ್ನೂ ಸೇರಿಸಿ.