ಎನ್‌ವಿಡಿಯಾ ಡ್ರೈವರ್ ಹಾಕಿದ ಮೇಲೆ ಎಚ್‌ಡಿಎಂಐ ಮಾನಿಟರ್ ಬರುತ್ತಿಲ್ಲ - ಪರಿಹಾರವಾಗಿದೆ

ಶಿರಸಿಯಿಂದ:
ನಮಸ್ಕಾರ. ಉಬುಂಟು 24.04 (ಲಿನಕ್ಸ್), ಇಂಟೆಲ್ ಗ್ರಾಫಿಕ್ಸ್ ಜೊತೆ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್. ಊರಿನ ಯಕ್ಷಗಾನದ ವಿಡಿಯೊಗಳನ್ನು ಮಳೆಗಾಲದಲ್ಲಿ ಕೂತು ಎಡಿಟ್ ಮಾಡುತ್ತೇನೆ. ಮೊನ್ನೆ ಎನ್‌ವಿಡಿಯಾ ಡ್ರೈವರ್ ಹಾಕಿದೆ. ಅಂದಿನಿಂದ ಹೊರಗಿನ ಮಾನಿಟರ್ ಕಪ್ಪು. ಲ್ಯಾಪ್‌ಟಾಪಿನ ಪರದೆ ಸರಿಯಾಗಿದೆ. ಕೇಬಲ್ ಬದಲಿಸಿ ನೋಡಿದೆ. ಇಡೀ ಉಬುಂಟು ಮತ್ತೆ ಹಾಕಬೇಕಾ? ಇಲ್ಲಿ ಮಳೆಗೆ ನೆಟ್ ಬಹಳ ನಿಧಾನ.

ಕಾರವಾರದಿಂದ:
ಬೇಡ, ಏನನ್ನೂ ಅಳಿಸಬೇಡಿ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ತಂತಿ ನೇರ ಎನ್‌ವಿಡಿಯಾ ಕಾರ್ಡಿಗೇ ಹೋಗಿರುತ್ತದೆ. ಒಳಗಿನ ಪರದೆಯನ್ನು ಇಂಟೆಲ್ ನೋಡಿಕೊಳ್ಳುತ್ತದೆ. ಹಾಗಾಗಿ ಒಂದು ಸರಿ, ಒಂದು ಕಪ್ಪು. ಟರ್ಮಿನಲ್‌ನಲ್ಲಿ ‘ಸುಡೊ ಮಾಡ್‌ಪ್ರೋಬ್ ಎನ್‌ವಿಡಿಯಾ’ ಕೊಟ್ಟು (ಡ್ರೈವರನ್ನು ಲೋಡ್ ಮಾಡುವ ಆಜ್ಞೆ ಇದು) ಏನು ಬರುತ್ತದೆ ಹೇಳಿ.

ಶಿರಸಿಯಿಂದ:
‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ (ಕೀ ತಿರಸ್ಕರಿಸಲಾಗಿದೆ) ಅಂತ ಬಂತು. ಇನ್ನೊಂದು ವಿಷಯ. ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಇಡಲು ಕೇಳಿತ್ತು, ಇಟ್ಟೆ. ರೀಸ್ಟಾರ್ಟ್ ಕೊಟ್ಟ ಹೊತ್ತಿಗೇ ಕರೆಂಟ್ ಹೋಯಿತು. ಬ್ಯಾಟರಿ ಇತ್ತು, ಆದರೆ ನಾನು ದೀಪ ಹಚ್ಚಿ ಬರುವಷ್ಟರಲ್ಲಿ ಲಾಗಿನ್ ಪರದೆ ಬಂದಿತ್ತು.

ಕಾರವಾರದಿಂದ:
ಅಲ್ಲೇ ತಪ್ಪಿದ್ದು. ಸೆಕ್ಯೂರ್ ಬೂಟ್ (ನಂಬಿಕೆಯ ಸಾಫ್ಟ್‌ವೇರ್ ಮಾತ್ರ ಓಡಲು ಬಿಡುವ ಕಾವಲು) ಆನ್ ಇದ್ದಾಗ ಡಿಜಿಟಲ್ ಸಹಿ ಇಲ್ಲದ, ಅಥವಾ ತನಗೆ ಗುರುತಿಲ್ಲದ ಸಹಿ ಇರುವ ಡ್ರೈವರನ್ನು ಕರ್ನೆಲ್, ಅಂದರೆ ಲಿನಕ್ಸ್‌ನ ತಿರುಳು, ಒಳಗೆ ಬಿಡುವುದಿಲ್ಲ. ನಿಮ್ಮ ಯಂತ್ರವೇ ಒಂದು ಕೀ ಮಾಡಿಕೊಂಡು ಡ್ರೈವರಿಗೆ ಸಹಿ ಹಾಕಿದೆ. ಆ ಕೀಯನ್ನು ನೀವು ಒಪ್ಪಬೇಕು. ಅದಕ್ಕೇ ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ. 10 ಸೆಕೆಂಡಿನೊಳಗೆ ಕೀಬೋರ್ಡಿನ ಯಾವುದಾದರೂ ಗುಂಡಿ ಒತ್ತದಿದ್ದರೆ ಅದು ಸುಮ್ನೆ ಮುಂದೆ ಹೋಗುತ್ತದೆ.

ಸೆಕ್ಯೂರ್ ಬೂಟ್ ಆಫ್ ಮಾಡಿ ಎಂದು ಜಾಸ್ತಿ ಜನ ಹೇಳುತ್ತಾರೆ. ಅದೂ ಕೆಲಸ ಮಾಡುತ್ತದೆ, ಆದರೆ ಇಷ್ಟಕ್ಕೆ ಆ ಕಾವಲು ತೆಗೆಯುವುದು ನನಗೆ ಸರಿ ಕಾಣುವುದಿಲ್ಲ. ಕೀ ಒಪ್ಪುವ ಕೋರಿಕೆಯನ್ನು ಮತ್ತೆ ಹಾಕಿ, ಆಗ ಹೊಸ ಪಾಸ್‌ವರ್ಡ್ ಕೇಳುತ್ತದೆ:

ಸುಡೊ ಮೊಕ್‌ಯುಟಿಲ್ --ಇಂಪೋರ್ಟ್ /ವಾರ್/ಲಿಬ್/ಶಿಮ್-ಸೈನ್ಡ್/ಮೊಕ್/ಮೊಕ್.ಡರ್

ಪಾಸ್‌ವರ್ಡ್ ಬರೀ ಸಣ್ಣ ಅಕ್ಷರಗಳದ್ದಿರಲಿ. ನೀಲಿ ಪರದೆಯಲ್ಲಿ ಕೀಬೋರ್ಡ್ ಅಮೆರಿಕದ ವಿನ್ಯಾಸದ್ದು, ಚಿಹ್ನೆ ಇಟ್ಟರೆ ಎಡವುತ್ತೀರಿ. ರೀಸ್ಟಾರ್ಟ್ ಮಾಡಿ, ಎದ್ದು ಹೋಗಬೇಡಿ ಮಾರಾಯ್ರೆ. ನೀಲಿ ಪರದೆಯಲ್ಲಿ ಸಾಲಾಗಿ ಆರಿಸಿ: ಎನ್‌ರೋಲ್ ಮೊಕ್ (ಮೊಕ್ ಅಂದರೆ ಆ ಕೀ), ಕಂಟಿನ್ಯೂ, ಯೆಸ್, ಪಾಸ್‌ವರ್ಡ್, ರೀಬೂಟ್.

ಶಿರಸಿಯಿಂದ:
ಬಂತು! ಮಾನಿಟರ್ ಹತ್ತಿತು. ಟರ್ಮಿನಲ್‌ನಲ್ಲಿ ಎನ್‌ವಿಡಿಯಾ-ಎಸ್‌ಎಂಐ (ಕಾರ್ಡಿನ ಸ್ಥಿತಿ ತೋರಿಸುವ ಆಜ್ಞೆ) ಕೊಟ್ಟರೆ ಕಾರ್ಡಿನ ಹೆಸರೂ ಕಾಣುತ್ತಿದೆ. ತುಂಬಾ ಉಪಕಾರ ಆಯಿತು. ಪ್ರತಿ ಸಲ ಕರ್ನೆಲ್ ಅಪ್‌ಡೇಟ್ ಆದಾಗಲೂ ಹೀಗೆ ಮಾಡಬೇಕಾ?

ಕಾರವಾರದಿಂದ:
ಇಲ್ಲ. ಹೊಸ ಕರ್ನೆಲ್‌ಗೆ ಡ್ರೈವರ್ ಕಟ್ಟುವಾಗಲೂ ಅದೇ ಕೀಯಿಂದ ಸಹಿ ಬೀಳುತ್ತದೆ. ಬಯಾಸ್ (ಯಂತ್ರದ ಮೂಲ ಸೆಟ್ಟಿಂಗ್) ರೀಸೆಟ್ ಮಾಡಿ ಕೀ ಅಳಿಸಿಹೋದರೆ ಮಾತ್ರ ಇದೇ ಕೆಲಸ ಇನ್ನೊಮ್ಮೆ.