ಗುರಿ ಚದುರುತ್ತಿದೆ: ಬ್ಯಾರಲ್ ಬದಲಿಸಬೇಕೇ, ಸ್ಕೋಪ್ ಬದಲಿಸಬೇಕೇ? ಬಲ್ಲವರು ಅನುಭವ ತಿಳಿಸಬೇಕಾಗಿ ವಿನಂತಿ

ಬೈಲಹೊಂಗಲದಿಂದ ಪ್ರಶ್ನೆ

ನಾನು ಪ್ರೌಢಶಾಲೆಯ ಶಿಕ್ಷಕ. ನಮ್ಮ ತಂದೆಯವರ ಬಳಿ ಇದ್ದ .22 ಬೋಲ್ಟ್ ರೈಫಲ್ (0.22 ಇಂಚು ಕೊಳವೆಯ, ಪ್ರತಿ ಗುಂಡಿಗೂ ಹಿಂದಿನ ಅಗುಳಿಯನ್ನು, ಅಂದರೆ ಬೋಲ್ಟನ್ನು, ಕೈಯಿಂದ ಎಳೆಯುವ ಬಂದೂಕು), ಅವರು ತೀರಿಕೊಂಡ ಬಳಿಕ ವಾರಸುದಾರನೆಂಬ ನೆಲೆಯಲ್ಲಿ ಲೈಸೆನ್ಸ್ ಸಮೇತ ನನ್ನ ಹೆಸರಿಗೆ ಬಂದಿದೆ. ಅದರ ಮೇಲೆ ಹಳೆಯದೊಂದು 4×32 ಸ್ಕೋಪ್ (ನಾಲ್ಕು ಪಟ್ಟು ಹಿಗ್ಗಿಸಿ ತೋರಿಸುವ, 32 ಮಿ.ಮೀ. ಮುಂಗಾಜಿನ ಗುರಿಯ ದೂರದರ್ಶಕ) ಇದೆ. ಅನುಮತಿ ಇರುವ ರೇಂಜಿನಲ್ಲಿ ಮೇಜಿನ ಮೇಲೆ ಮರಳಿನ ಚೀಲವಿಟ್ಟು 50 ಮೀಟರಿಗೆ ಐದೈದು ಗುಂಡು ಹಾರಿಸಿದರೆ ಗುಂಡುಗಳು ಸುಮಾರು 65 ಮಿಲಿಮೀಟರ್ ಅಗಲಕ್ಕೆ ಚದುರುತ್ತಿವೆ. ಪರಿಚಯದವರೊಬ್ಬರು ಬ್ಯಾರಲ್ ಸವೆದಿದೆ, ಬದಲಿಸಿ ಎನ್ನುತ್ತಾರೆ. ಇನ್ನೊಬ್ಬರು 50 ಮಿ.ಮೀ. ಗಾಜಿನ ದೊಡ್ಡ ಸ್ಕೋಪ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಮಾಸ್ತರಿಕೆಯ ಸಂಬಳದಲ್ಲಿ ಎರಡನ್ನೂ ಕೊಳ್ಳಲಾರೆ. ಯಾವುದು ಮೊದಲು?

ಬೆಳಗಾವಿ ಕ್ಯಾಂಪ್ ಭಾಗದಿಂದ, ಸೈನ್ಯದಲ್ಲಿ ಆರ್ಮರರ್ (ಆಯುಧ ದುರಸ್ತಿಗಾರ) ಆಗಿ ದುಡಿದು ನಿವೃತ್ತರಾದವರು

ಮಾಸ್ತರರೇ, ಎರಡೂ ಮೊದಲಲ್ಲ. ಸೇವೆಯಲ್ಲಿದ್ದಷ್ಟು ಕಾಲವೂ ನನ್ನ ಮುಂದೆ ‘ಬ್ಯಾರಲ್ ಹೋಗಿದೆ’ ಎಂದು ತಂದಿಟ್ಟ ಬಂದೂಕುಗಳಲ್ಲಿ ನಿಜವಾಗಿ ಬ್ಯಾರಲ್ ಹೋಗಿದ್ದವು ಕೆಲವೇ. ಉಳಿದವುಗಳಲ್ಲಿ ಸ್ಕ್ರೂ ಸಡಿಲವಾಗಿರುತ್ತಿತ್ತು, ಇಲ್ಲವೇ ಮರ ಉಬ್ಬಿರುತ್ತಿತ್ತು, ಇಲ್ಲವೇ ಹಾರಿಸುವವನ ಬೆರಳೇ ಕಾರಣವಾಗಿರುತ್ತಿತ್ತು. ಅದರಲ್ಲೂ .22 ಎಂದರೆ ಮೆತ್ತನೆಯ ಸೀಸದ ಗುಂಡು, ಮೇಣ ಸವರಿದ್ದು, ಒತ್ತಡವೂ ಕಡಿಮೆ. ಅಂತಹ ಗುಂಡಿನಿಂದ, ಗುಂಡನ್ನು ಸುತ್ತಿಸಲೆಂದು ಬ್ಯಾರಲ್ಲಿನೊಳಗೆ ಕೊರೆದ ಉಕ್ಕಿನ ಸುರುಳಿಗೆರೆಗಳು ಸವೆಯಬೇಕಾದರೆ ಹತ್ತಾರು ಸಾವಿರ ತೋಟಾ ಹಾರಿರಬೇಕು. ತಮ್ಮ ತಂದೆಯವರು ಅಷ್ಟು ಹಾರಿಸಿರಲಿಕ್ಕಿಲ್ಲ.

ಹಳೆಯ ಮನೆಬಂದೂಕಿನ ಬ್ಯಾರಲ್ಲನ್ನು ಕೆಡಿಸುವುದು ಗುಂಡಲ್ಲ, ತುಕ್ಕು ಮತ್ತು ತಪ್ಪು ಸ್ವಚ್ಛತೆ. ನಮ್ಮ ಬೆಳಗಾವಿಯ ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಮುಚ್ಚಿಟ್ಟ ಬಂದೂಕು ಶ್ರಾವಣದ ಹೊತ್ತಿಗೆ ಕೆಂಪಾಗದಿದ್ದರೆ ಅದು ದೈವಕೃಪೆ. ಇನ್ನು ಮೂತಿಯ ಕಡೆಯಿಂದ ಕಬ್ಬಿಣದ ಸಲಾಕೆ ತುರುಕಿ ಉಜ್ಜುವ ರೂಢಿ ಬಹಳ ಮನೆಗಳಲ್ಲಿದೆ. ಗುಂಡು ಬ್ಯಾರಲ್ಲನ್ನು ಕಟ್ಟಕಡೆಗೆ ಮುಟ್ಟುವ ಜಾಗ ಆ ಮೂತಿಯ ಅಂಚು. ಅಲ್ಲಿ ಒಂದು ಕಡೆ ಕೂದಲೆಳೆಯಷ್ಟು ಸವೆದರೂ ಹಿಂದಿನಿಂದ ನುಗ್ಗುವ ಅನಿಲ ಆ ಕಡೆಯಿಂದ ಮೊದಲು ತಪ್ಪಿಸಿಕೊಂಡು ಗುಂಡಿನ ಬೆನ್ನನ್ನು ಓರೆ ಮಾಡುತ್ತದೆ. ಬಂದೂಕು ಖಾಲಿ ಇದೆಯೆಂದು ಎರಡು ಸಲ ನೋಡಿಕೊಂಡು, ಬೋಲ್ಟ್ ಹೊರಗೆ ತೆಗೆದಿಟ್ಟು, ಮೂತಿಯ ಅಂಚಿನ ಒಳಗಿನಿಂದ ಹೊರಕ್ಕೆ ಅರಳೆಯ ಎಳೆಯನ್ನು ಸುತ್ತಲೂ ಎಳೆಯಿರಿ. ಎಲ್ಲಿಯಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಗಾಯವಿದೆ. ಗಾಯವಿದ್ದರೂ ಹೊಸ ಬ್ಯಾರಲ್ ಬೇಕಿಲ್ಲ. ಲೈಸೆನ್ಸ್ ಇರುವ ದುರಸ್ತಿಗಾರರು ಮೂತಿಯನ್ನು ಹೊಸದಾಗಿ ಕಡೆದು ಕೊಡುತ್ತಾರೆ. ಊರ ಲೇಥ್ ಅಂಗಡಿಗೆ ಮಾತ್ರ ಒಯ್ಯಬೇಡಿ. ಆಯುಧ ಕಾಯಿದೆಯ ಲೆಕ್ಕದಲ್ಲಿ ಆಯುಧದ ಬಿಡಿಭಾಗಗಳೂ ಆಯುಧವೇ.

ಈಗ ಸ್ಕ್ರೂಗಳ ವಿಷಯ. ಬಂದೂಕಿನ ಲೋಹದ ಭಾಗವನ್ನು ಮರಕ್ಕೆ ಬಿಗಿಯುವ ಸ್ಕ್ರೂಗಳು ಮರ ಒಣಗಿದಂತೆಲ್ಲ ಸಡಿಲವಾಗುತ್ತವೆ. ಅವನ್ನು ಬಿಗಿಮಾಡಿ, ಆದರೆ ಮರ ಕಿರುಗುಟ್ಟುವಷ್ಟು ಬೇಡ; ಎರಡಕ್ಕೂ ಒಂದೇ ಬಿಗಿ ಇರಲಿ, ಸ್ಕ್ರೂ ತಲೆ ಮತ್ತು ಲೋಹ ಎರಡನ್ನೂ ಕೂಡಿಸಿ ಒಂದು ಸಣ್ಣ ಗೆರೆ ಎಳೆದಿಟ್ಟರೆ ಮುಂದೆ ಸಡಿಲವಾದಾಗ ಕಣ್ಣಿಗೆ ಕಾಣುತ್ತದೆ. ಆಮೇಲೆ ನೂರು ರೂಪಾಯಿಯ ನೋಟೊಂದನ್ನು ಬ್ಯಾರಲ್ಲಿಗೂ ಕೆಳಗಿನ ಮರಕ್ಕೂ ನಡುವೆ ತೂರಿಸಿ ಹಿಂದಕ್ಕೆ ಎಳೆಯಿರಿ. ನೋಟು ಒಂದು ಬದಿಯಲ್ಲಿ ಸಿಕ್ಕಿ ಇನ್ನೊಂದು ಬದಿಯಲ್ಲಿ ಸರಾಗವಾಗಿ ಹೋದರೆ, ಮರ ಬ್ಯಾರಲ್ಲನ್ನು ಓರೆಯಾಗಿ ತಳ್ಳುತ್ತಿದೆಯೆಂದು ತಿಳಿಯಿರಿ. ಗುಂಡು ಹಾರುವಾಗ ಬ್ಯಾರಲ್ ತಂತಿಯಂತೆ ಕಂಪಿಸುತ್ತದೆ. ಆ ಕಂಪನ ಪ್ರತಿ ಸಲವೂ ಒಂದೇ ಬಗೆಯಾಗಿದ್ದರೆ ಗುಂಡುಗಳು ಒಂದೇ ಕಡೆ ಬೀಳುತ್ತವೆ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವ ಮರ ಅದನ್ನು ಮುಟ್ಟುತ್ತಿದ್ದರೆ ಕಂಪನ ಒಂದೇ ಬಗೆಯಾಗಿರುವುದು ಹೇಗೆ?

ಸ್ಕೋಪ್ ಮೇಲೆ ಅನುಮಾನವಿದ್ದರೆ ಅದನ್ನೂ ಕಾಸು ಖರ್ಚಿಲ್ಲದೆ ಪರೀಕ್ಷಿಸಬಹುದು. ಅದರ ಗುರಿ ಸರಿಪಡಿಸುವ ತಿರುಪಿನ ಒಂದು ಕ್ಲಿಕ್ ಕಾಲು ಮಿನಿಟಿನದಾದರೆ (ಮಿನಿಟೆಂದರೆ ಒಂದು ಡಿಗ್ರಿ ಕೋನದ ಅರವತ್ತನೆಯ ಪಾಲು) 50 ಮೀಟರಿಗೆ ಸುಮಾರು 3.6 ಮಿ.ಮೀ. ಸರಿಯುತ್ತದೆ. ಒಂದೇ ಗುರಿಗೆ ಹಿಡಿದು, 40 ಕ್ಲಿಕ್ ಮೇಲಕ್ಕೆ, 40 ಬಲಕ್ಕೆ, 40 ಕೆಳಕ್ಕೆ, 40 ಎಡಕ್ಕೆ ತಿರುಗಿಸುತ್ತ ಪ್ರತಿ ಮೂಲೆಯಲ್ಲಿ ಮೂರು ಗುಂಡು ಹಾರಿಸಿ. ಕಾಗದದ ಮೇಲೆ ಹತ್ತಿರಹತ್ತಿರ 145 ಮಿ.ಮೀ. ಬದಿಯ ಚೌಕ ಮೂಡಿ, ಕೊನೆಯ ಗುಂಡುಗಳು ಹೊರಟಲ್ಲಿಗೇ ಮರಳಿದರೆ ಸ್ಕೋಪ್ ಪ್ರಾಮಾಣಿಕವಾಗಿದೆ. ನಾನು ಒಮ್ಮೆ ಅಗ್ಗಕ್ಕೆ ಸಿಕ್ಕಿತೆಂದು ಕೊಂಡ ಸ್ಕೋಪ್ ಚೌಕದ ಬದಲು ಹರಿದ ಪತಂಗದ ಆಕಾರ ಬರೆದಿತ್ತು. ಅದು ಈಗ ಮೊಮ್ಮಗನ ಆಟಿಕೆ.

ವಿಜಯಪುರದಿಂದ, 50 ಮೀಟರ್ ಸ್ಪರ್ಧೆಗಳಲ್ಲಿ ಭಾಗವಹಿಸುವವರು

ಹಿರಿಯರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಅವರು ತೋಟಾದ ಮಾತನ್ನೇ ಆಡಿಲ್ಲ. .22ರಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಅದನ್ನೇ. ಪ್ರತಿ ಬ್ಯಾರಲ್ಲಿಗೂ ತನ್ನದೇ ಆದ ರುಚಿಯಿದೆ. ಒಂದೇ ಕಂಪನಿಯ ಎರಡು ಲಾಟ್‌ಗಳಲ್ಲಿ (ಲಾಟ್ ಎಂದರೆ ಒಂದೇ ಸಲ ತಯಾರಾದ ತೋಟಾಗಳ ಕಂತು) ಒಂದು ನನ್ನ ರೈಫಲ್ಲಿಗೆ ಒಗ್ಗುತ್ತದೆ, ಇನ್ನೊಂದು ಒಗ್ಗುವುದಿಲ್ಲ. ಪಕ್ಕದಲ್ಲಿ ಮಲಗಿ ಹಾರಿಸುವ ಗೆಳತಿಯದಕ್ಕೆ ಅದೇ ತಿರುಗುಮುರುಗು. ಎಲಿ, ಎಸ್‌ಕೆ, ಲಾಪುವಾ ಮುಂತಾದ ಸ್ಪರ್ಧೆಯ ತೋಟಾಗಳನ್ನು ಆಟಗಾರರು ಲಾಟ್ ಸಂಖ್ಯೆ ನೋಡಿ ಕೊಳ್ಳುವುದು ಇದೇ ಕಾರಣಕ್ಕೆ. ಡಬ್ಬಿಯ ಮೇಲೆ ‘ಹೈ ವೆಲಾಸಿಟಿ’ ಎಂದು ಬರೆದದ್ದು ಒಳ್ಳೆಯದಿರಬೇಕು ಎಂದುಕೊಳ್ಳಬೇಡಿ. ಸೆಕೆಂಡಿಗೆ ಸುಮಾರು 320–330 ಮೀಟರಿನ, ಶಬ್ದದ ವೇಗಕ್ಕಿಂತ ಕೆಳಗಿನ ತೋಟಾವೇ ಗುರಿಯ ಆಟಕ್ಕೆ ಯೋಗ್ಯ. ವೇಗದ .22 ಗುಂಡು ಹಾದಿಯ ನಡುವೆ ಶಬ್ದದ ವೇಗವನ್ನು ಇಳಿದು ದಾಟುವಾಗ ಅಲುಗುತ್ತದೆ. ವಿಚಿತ್ರವೆಂದರೆ 100 ಮೀಟರಿಗೆ ಗಾಳಿಯೂ ನಿಧಾನದ ಗುಂಡಿಗಿಂತ ಅದನ್ನೇ ಹೆಚ್ಚು ತಳ್ಳುತ್ತದೆ.

ಗಾಳಿಯೆಂದಾಗ ನಮ್ಮ ಎರೆನೆಲದ ಬಯಲನ್ನು ನೆನೆಯಬೇಕು. ಗಿಡಮರವಿಲ್ಲದ ಬಯಲಿನಲ್ಲಿ ಆಷಾಢದ ಗಾಳಿ ಹೊತ್ತು ನೋಡಿ ಬೀಸುವುದಿಲ್ಲ. ಗಂಟೆಗೆ 16 ಕಿಲೋಮೀಟರಿನ ಅಡ್ಡಗಾಳಿ 50 ಮೀಟರಿನಲ್ಲಿ .22 ಗುಂಡನ್ನು ಸುಮಾರು ಮೂರು ಸೆಂಟಿಮೀಟರ್ ಸರಿಸುತ್ತದೆ. ತಮ್ಮ 65 ಮಿ.ಮೀ.ನ ಅರ್ಧ ಪಾಲು ಅಲ್ಲಿಯೇ ಹೋಗಿರಬಹುದು! ಬೆಳಗಿನ ಏಳರ ಒಳಗೆ, ಗಾಳಿ ಏಳುವ ಮುನ್ನ ಹಾರಿಸಿ ನೋಡಿದ್ದೀರಾ?

ಎರಡನೆಯದು, ಐದು ಗುಂಡಿನ ಒಂದು ಗ್ರೂಪ್ ನೋಡಿ ಏನನ್ನೂ ತೀರ್ಮಾನಿಸಬೇಡಿ. ಅದೇ ಬಂದೂಕು, ಅದೇ ಕೈ ಇದ್ದರೂ ಹತ್ತು ಗುಂಡಿನ ಹರವು ಸರಾಸರಿಯಲ್ಲಿ ಐದರದಕ್ಕಿಂತ ಕಾಲುಪಾಲು ಹೆಚ್ಚಿರುತ್ತದೆ, ಮೂರರದಕ್ಕಿಂತ ಒಂದೂವರೆ ಪಟ್ಟಿಗೂ ಮಿಗಿಲಾಗಿರುತ್ತದೆ. ಮೂರು ಗುಂಡು ಒಂದೇ ತೂತಿನಲ್ಲಿ ಬಿದ್ದ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವವರನ್ನು ನೋಡಿ ನಾವು ಪ್ರೀತಿಯಿಂದಲೇ ನಗುತ್ತೇವೆ.

ಬ್ಯಾರಲ್ ಉದ್ದವಿದ್ದಷ್ಟೂ ಗುರಿ ಚೊಕ್ಕ ಎಂಬ ನಂಬಿಕೆಗೆ ನಮ್ಮ ಊರಿನಲ್ಲಿಯೇ ಉತ್ತರವಿದೆ. ಉಪಲಿ ಬುರುಜಿನ ಮೇಲೆ ಮಲಗಿರುವ ಲಂಬಾ ತೋಪು ಸುಮಾರು 30 ಅಡಿ ಉದ್ದವಿದೆ. ಒಳಗೆ ಸುರುಳಿಗೆರೆಯಿಲ್ಲದ ಆ ನುಣುಪು ಕೊಳವೆಯಿಂದ ಯಾರೂ ಹತ್ತರ ವೃತ್ತ (ಗುರಿಯ ನಟ್ಟನಡುವಿನ, ಹತ್ತು ಅಂಕದ ವೃತ್ತ) ಹೊಡೆಯುತ್ತಿರಲಿಲ್ಲ. ಗುಂಡಿಗೆ ಬೇಕಾದದ್ದು ತಕ್ಕ ಸುತ್ತು: .22ಕ್ಕೆ ಸಾಮಾನ್ಯವಾಗಿ 16 ಇಂಚಿಗೆ ಒಂದು ಸುತ್ತು. ಅದರ ಚಿಟಿಕೆ ಮದ್ದು ಸುಮಾರು 16 ಇಂಚಿನೊಳಗೆ ತನ್ನ ಕೆಲಸ ಮುಗಿಸುತ್ತದೆ, ಮುಂದಿನದು ಬರೀ ತಿಕ್ಕಾಟ. ಕಬ್ಬಿಣದ ಗುರಿಕಣ್ಣು ಬಳಸುವವರಿಗೆ ಮಾತ್ರ ಹಿಂದಿನ ಮತ್ತು ಮುಂದಿನ ಗುರಿಕಣ್ಣುಗಳ ನಡುವಿನ ಅಂತರ ಹೆಚ್ಚಿದಷ್ಟೂ ಲಾಭ; ಸ್ಕೋಪ್ ಇದ್ದವರಿಗೆ ಅದೂ ಇಲ್ಲ.

ಸ್ಕೋಪ್ ಬಗ್ಗೆ ಒಂದೇ ಮಾತು. ಬೇಟೆಗೆಂದು ಮಾಡಿದ ಸಾದಾ ಸ್ಕೋಪ್‌ಗಳ ಪ್ಯಾರಲಾಕ್ಸನ್ನು (ಕಣ್ಣು ಸರಿದಾಗ ಸ್ಕೋಪಿನ ಗುರಿಗೆರೆಯೂ ಗುರಿಯ ಮೇಲೆ ಸರಿದಂತೆ ಕಾಣುವ ದೋಷವನ್ನು) 100 ಗಜದಲ್ಲಿ ಇಲ್ಲವಾಗುವಂತೆ ಹೊಂದಿಸಿರುತ್ತಾರೆ, .22ಕ್ಕೆಂದು ಮಾಡಿದವುಗಳಲ್ಲಿ 50 ಗಜದಲ್ಲಿ. ತಮ್ಮದು ಮೊದಲ ಬಗೆಯದಾದರೆ, 50 ಮೀಟರಿನಲ್ಲಿ ಕಣ್ಣು ಗಾಜಿನ ನಡುವಿನಿಂದ ಅಂಚಿಗೆ ಸರಿದಾಗ ಗುರಿ ಹೆಚ್ಚೆಂದರೆ 7 ಮಿ.ಮೀ. ತಪ್ಪುತ್ತದೆ. ಹತ್ತರ ವೃತ್ತವೇ 10.4 ಮಿ.ಮೀ. ಇರುವ ನಮ್ಮ ಆಟದಲ್ಲಿ ಅದು ಪ್ರಾಣಸಂಕಟ, ಆದರೆ 65ಕ್ಕೆ ಅದು ಕಾರಣವಲ್ಲ. ಕೆನ್ನೆಯನ್ನು ಪ್ರತಿ ಸಲವೂ ಮರದ ಒಂದೇ ಜಾಗಕ್ಕೆ ಊರಿದರೆ ಆ ದೋಷವೂ ಇಳಿಯುತ್ತದೆ. ನೆರೆಯ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 451.4 ಅಂಕಗಳೊಂದಿಗೆ ಕಂಚು ಗೆದ್ದದ್ದು ಇದೇ 50 ಮೀಟರಿನ ಮೂರು ಭಂಗಿಗಳ ಸ್ಪರ್ಧೆಯಲ್ಲಿ. ಅದರಲ್ಲಿ ದೂರದರ್ಶಕಕ್ಕೆ ಅವಕಾಶವೇ ಇಲ್ಲ.

ಗೋಕಾಕದವರು, ಈಗ ಅಮೆರಿಕದ ಟೆಕ್ಸಸ್‌ನಲ್ಲಿರುವವರು

ಬೇಟೆಗೆಂದು ಬ್ಯಾರಲ್ ಮತ್ತು ಸ್ಕೋಪ್ ಆರಿಸುವವರ ಲೆಕ್ಕ ಬೇರೆಯದಾದ್ದರಿಂದ, ‘ದೊಡ್ಡ ಸ್ಕೋಪ್ ಹಾಕಿ’ ಎಂಬ ಸಲಹೆ ಎಲ್ಲಿಂದ ಬರುತ್ತದೆಂದು ತಿಳಿಸಲು ಬರೆಯುತ್ತಿದ್ದೇನೆ. ಇಲ್ಲಿ ಹೊಲ ಕೆಡಿಸುವ ಕಾಡುಹಂದಿಗಳನ್ನು ಜಮೀನಿನ ಮಾಲೀಕರ ಒಪ್ಪಿಗೆ ಇದ್ದರೆ ಬೇಟೆಯಾಡಬಹುದು. 2019ರಿಂದ ಖಾಸಗಿ ಜಮೀನಿನಲ್ಲಿ ಅದಕ್ಕೆ ಬೇಟೆಯ ಪರವಾನಗಿಯೂ ಬೇಕಿಲ್ಲ. ನಾನು ಬಳಸುವುದು .308 (0.308 ಇಂಚು ದಪ್ಪದ ಗುಂಡಿನ) ರೈಫಲ್. ಸ್ಪರ್ಧೆಯವರಿಗೆ ಅರವತ್ತನೆಯ ಗುಂಡೂ ಮೊದಲನೆಯದರ ಜಾಗದಲ್ಲೇ ಬೀಳಬೇಕು, ಅದಕ್ಕೆಂದೇ ದಪ್ಪ, ಭಾರದ ಬ್ಯಾರಲ್ ಬೇಕು. ಬೇಟೆಗಾರನಿಗೆ ಬೇಕಾದದ್ದು ತಣ್ಣಗಿರುವ ಬ್ಯಾರಲ್ಲಿನ ಮೊದಲ ಗುಂಡು. ಹಾಗಾಗಿ ನಾನು ಪರೀಕ್ಷೆ ಮಾಡುವುದು ದಿನಕ್ಕೊಂದೇ ಗುಂಡು, ಹತ್ತು ದಿನ, ಒಂದೇ ಕಾಗದದ ಮೇಲೆ. ಆ ಹತ್ತು 100 ಮೀಟರಿಗೆ 5 ಸೆಂಟಿಮೀಟರಿನೊಳಗೆ ಕೂತರೆ, ಹಂದಿಯ ಮುಂಗಾಲ ಹಿಂದಿನ ಬೊಗಸೆಯಗಲದ ಮರ್ಮಸ್ಥಾನಕ್ಕೆ ಅದು ಬೇಕಾದಷ್ಟಾಯಿತು.

24 ಇಂಚಿನ ಬ್ಯಾರಲ್ ಬಿಟ್ಟು 20 ಇಂಚಿನದಕ್ಕೆ ಬಂದಾಗ ಸೆಕೆಂಡಿಗೆ ಸುಮಾರು 30 ಮೀಟರ್ ವೇಗ ಕಳೆದುಕೊಂಡೆ. ಕುರುಚಲು ಪೊದೆಗಳಲ್ಲಿ ನುಸುಳುವ ಸಲೀಸು ಅದಕ್ಕಿಂತ ದೊಡ್ಡದೆನಿಸಿತು, ಗುರಿಯೇನೂ ಕೆಡಲಿಲ್ಲ. ಸ್ಕೋಪಿನ ಮುಂಗಾಜು ದೊಡ್ಡದಿರಬೇಕೆನ್ನುವುದು ಸಂಜೆಗತ್ತಲೆಯ ಸಲುವಾಗಿ ಮಾತ್ರ. ಗಾಜಿನ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬಿಯ ಅಗಲ ಸಿಗುತ್ತದೆ: 40 ಮಿ.ಮೀ. ಗಾಜು 9 ಪಟ್ಟಿನಲ್ಲಿ 4.4 ಮಿ.ಮೀ., 6 ಪಟ್ಟಿನಲ್ಲಿ 6.7. ಐವತ್ತು ದಾಟಿದವರ ಪಾಪೆ ಕತ್ತಲಲ್ಲಿಯೂ ಹೆಚ್ಚಾಗಿ 5 ಮಿ.ಮೀ. ಸುತ್ತಲೇ ನಿಲ್ಲುತ್ತದೆ, ಅದಕ್ಕಿಂತ ಅಗಲದ ಬೆಳಕು ಕಣ್ಣಿನ ಹೊರಗೆ ಚೆಲ್ಲಿಹೋಗುತ್ತದೆ. ದೊಡ್ಡ ಗಾಜಿಗಾಗಿ ಸ್ಕೋಪನ್ನು ಎತ್ತರದಲ್ಲಿ ಕೂಡಿಸಬೇಕಾಗಿ, ಕೆನ್ನೆ ಮರವನ್ನು ಬಿಟ್ಟೇಳುತ್ತದೆ. ಹಾಗೆ ಕತ್ತು ಮುಂದೆ ಚಾಚಿ ಹಾರಿಸಿದ ದಿನ ಸ್ಕೋಪಿನ ಅಂಚು ಬಡಿದು ನನ್ನ ಹುಬ್ಬು ಸೀಳಿತು, ಮೂರು ಹೊಲಿಗೆ ಬಿದ್ದವು. ಕಣ್ಣಿಗೂ ಗಾಜಿಗೂ ಒಂಬತ್ತು ಸೆಂಟಿಮೀಟರ್ ಅಂತರ ಕೊಡುವ ಸ್ಕೋಪನ್ನು ಅಂದಿನಿಂದ ನಾನು ಅಳೆದೇ ಕೊಳ್ಳುತ್ತೇನೆ. ಹಗಲಿನ ರೇಂಜಿನಲ್ಲಿ .22 ಹಾರಿಸುವ ಮಾಸ್ತರರಿಗೆ ಇದಾವುದರ ಅಗತ್ಯವೂ ಇಲ್ಲ.

ಮುಧೋಳದಿಂದ, ಕಬ್ಬು ಬೆಳೆಯುವವರು

ಟೆಕ್ಸಸ್‌ನ ಮಾತು ಕೇಳಿ ಇಲ್ಲಿ ಯಾರೂ ಕಬ್ಬಿನ ಗದ್ದೆಗೆ ಬಂದೂಕು ಒಯ್ಯಬಾರದೆಂದು ಇಷ್ಟು ಬರೆಯುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮಲ್ಲಿ ಬೇಟೆ ಅಪರಾಧ. ಕಾಡುಹಂದಿ ಈಗ ಎರಡನೆಯ ಅನುಸೂಚಿಯಲ್ಲಿದೆ. ಬೆಳೆ ತಿನ್ನುವ ಪ್ರಾಣಿಯೇ ಆದರೂ 11ನೆಯ ಕಲಮಿನಂತೆ ಅಧಿಕಾರವುಳ್ಳ ಅರಣ್ಯಾಧಿಕಾರಿಯ ಲಿಖಿತ ಆದೇಶವಿಲ್ಲದೆ ಅದನ್ನು ಕೊಲ್ಲುವಂತಿಲ್ಲ. ಬೆಳೆರಕ್ಷಣೆಯ ಲೈಸೆನ್ಸ್ ಇದ್ದ ಮಾತ್ರಕ್ಕೆ ಆ ಆದೇಶ ಬಂದಂತಾಗುವುದಿಲ್ಲ. ಬೇಟೆಗೆಂದೇ ಬೆಳೆಸಿದ ನಮ್ಮೂರ ನಾಯಿಗಳು ಸಹ ಈಗ ಸೈನ್ಯದ ಕೆಲಸಕ್ಕೆ ಸೇರಿವೆ.

ಬೈಲಹೊಂಗಲದಿಂದ ಮತ್ತೆ

ಎಲ್ಲರಿಗೂ ಕೃತಜ್ಞ. ಹಿಂದಿನ ಸ್ಕ್ರೂ ಒಂದೂವರೆ ಸುತ್ತು ಸಡಿಲವಾಗಿತ್ತು. ನೋಟು ಎಡಬದಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಸ್ಕ್ರೂ ಬಿಗಿಮಾಡಿದ ಮೇಲೆ ಸರಾಗವಾಗಿ ಹೋಯಿತು. ಅರಳೆ ಎಲ್ಲಿಯೂ ಹಿಡಿಯಲಿಲ್ಲ. ಮುಂಜಾನೆ ಗಾಳಿಯಿಲ್ಲದ ಹೊತ್ತಿನಲ್ಲಿ ಅದೇ ತೋಟಾದಿಂದ ಹತ್ತು ಗುಂಡುಗಳು 38 ಮಿ.ಮೀ.ನಲ್ಲಿ ಬಿದ್ದವು, ನಿಧಾನದ ಸ್ಪರ್ಧೆಯ ತೋಟಾದಿಂದ 23ರಲ್ಲಿ. ಸ್ಕೋಪ್ ಚೌಕವನ್ನೂ ಸರಿಯಾಗಿಯೇ ಬರೆಯಿತು, ಹಾಗಾಗಿ ಅದಕ್ಕೆಂದು ಎತ್ತಿಟ್ಟ ಹಣದಲ್ಲಿ ಅದೇ ಲಾಟಿನ ತೋಟಾಗಳನ್ನು ಲೈಸೆನ್ಸಿನ ಮಿತಿಯೊಳಗೆ ತಂದಿಟ್ಟಿದ್ದೇನೆ. ಒಂದು ಸಂಶಯ ಉಳಿದಿದೆ: ಪ್ರತಿ ಸಲವೂ ಮೊದಲ ಎರಡು ಗುಂಡುಗಳು ಮಾತ್ರ ಎಡಕ್ಕೆ, ಮೇಲಕ್ಕೆ ಬೀಳುತ್ತವೆ. ಅವನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಬೆಳಗಾವಿ ಕ್ಯಾಂಪ್ ಭಾಗದಿಂದ

ತುಕ್ಕಿಗೆ ಹೆದರಿ ತಾವು ಕೊಳವೆಯೊಳಗೆ ಎಣ್ಣೆ ಹೆಚ್ಚು ಸವರಿಟ್ಟಿರುತ್ತೀರಿ. ರೇಂಜಿಗೆ ಹೋದಕೂಡಲೇ ಬೋಲ್ಟ್ ತೆಗೆದು, ಹಿಂದಿನ ಕಡೆಯಿಂದ ಒಣ ಅರಿವೆಯ ಎರಡು ಚೂರುಗಳನ್ನು ಹಾಯಿಸಿ ಎಣ್ಣೆ ಒರಸಿ, ಆಮೇಲೆ ನಾಲ್ಕೈದು ಗುಂಡುಗಳನ್ನು ಮಣ್ಣಿನ ದಿಬ್ಬಕ್ಕೆ ಹಾರಿಸಿ. ಕೊಳವೆಯೊಳಗೆ ಮೇಣದ ಪದರ ಕೂತ ಮೇಲೆ ಕಾಗದ ಕಟ್ಟಿರಿ. ಮನೆಗೆ ಮರಳಿದ ಮೇಲೆ ತೆಳುವಾಗಿ ಎಣ್ಣೆ ಹಚ್ಚುವುದನ್ನು ಮಾತ್ರ ಬಿಡಬೇಡಿ, ಮಳೆ ಇನ್ನೂ ಎರಡು ತಿಂಗಳಿದೆ.