ಅಪ್ಪನ ಕೋಟಾ ಇಟ್ಕೊಳ್ಳೋದಾ, ಲೀಸಿಗೆ ಬಿಡೋದಾ, ಮಾರೋದಾ? ಅನುಭವ ಇದ್ದೋರು ಹೇಳಿ

ಹೊಸಹುಟ್ಟು: ಅಪ್ಪ ಸಮುದ್ರಕ್ಕೆ ಹೋಗೋದು ನಿಲ್ಸಿದ್ರು. ಅವರ ಹೆಸರಲ್ಲಿರೋ 14 ಟನ್ ಕೋಟಾ, ಅಂದ್ರೆ ವರ್ಷಕ್ಕೆ ಅಷ್ಟು ಮೀನು ಹಿಡಿಯೋ ಹಕ್ಕು, ನಂಗೆ ಬರುತ್ತೆ. ಬೋಟು ಹಳೇದು, ಇಬ್ರು ಕಲಾಸಿಗಳಿದಾರೆ. ಒಂದು ಕಂಪನಿಯವ್ರು ಮಾರ್ತೀರಾ ಅಂತ ಕೇಳ್ತಿದಾರೆ. ಏನ್ಮಾಡ್ಲಿ?

ಹರಕುಬಲೆ: ಮಾರಬೇಡಿ. ಮಾರಿ ಕೂತಿದೀನಿ, ಅದಕ್ಕೇ ಹೇಳ್ತಿರೋದು. ಇಂಜಿನ್ ಸೀಜಾಯ್ತು, ಗೇರ್‌ಬಾಕ್ಸೂ ಕೈಕೊಡ್ತು, ಸಾಲದವನು ಬಾಗಿಲಲ್ಲಿ, 9 ಟನ್ ಕೊಟ್ಬಿಟ್ಟೆ. ದುಡ್ಡು ಸಾಲಕ್ಕೂ ಹೊಸ ಇಂಜಿನ್‌ಗೂ ಸರಿಹೋಯ್ತು. ಇಂಜಿನ್ ಇದೆ, ಹಿಡಿಯೋ ಹಕ್ಕಿಲ್ಲ! ಆಮೇಲೆ ನಂದೇ ಕೋಟಾನ ವರ್ಷಾವರ್ಷ ನಾನೇ ಲೀಸಿಗೆ ತಗೊಂಡೆ. 10 ಕೆಜಿ ಹಿಡಿದ್ರೆ 6 ಕೆಜಿ ದುಡ್ಡು ಲೀಸಿಗೇ ಹೋಗುತ್ತೆ, ಉಳಿದ 4ರಲ್ಲಿ ಡೀಸೆಲ್ಲು, ಐಸು, ಬಲೆ ರಿಪೇರಿ, ಕಲಾಸಿಗಳ ಪಾಲು. ಒಂದ್ಸಲ ನಂಗೆ ಕೋಟಾ ಇಲ್ಲದ ಜಾತಿ ಮೀನು 300 ಕೆಜಿ ಬಿತ್ತು, ಎಸೆಯೋ ಹಂಗಿಲ್ಲ, ಅದಕ್ಕೂ ಕೋಟಾ ಕಾಡಿ ಬೇಡಿ ತಂದೆ, ಮೀನಿನ ರೇಟಿಗಿಂತ ಕೋಟಾ ರೇಟೇ ಜಾಸ್ತಿ!

ಗಾಳದಣ್ಣ: ಮಾರಿದೋರ ಗೋಳು ಯಾವಾಗ್ಲೂ ಇದೇ. ನಾನು ಸಾಲ ಮಾಡಿ ಕೊಂಡೋನು, 11 ವರ್ಷ ಕಂತು ಕಟ್ಟಿದೀನಿ, ಒಂದೂ ತಪ್ಪಿಸಿಲ್ಲ. ಕೋಟಾ ಬರೋಕ್ ಮುಂಚೆ ಹೆಂಗಿತ್ತು ಮರೆತ್ರಾ? ಅಲಾಸ್ಕಾದಲ್ಲಿ ಹಾಲಿಬಟ್ ಮೀನಿಗೆ 1995ರ ತನಕ ವರ್ಷಕ್ಕೆ ಒಂದಷ್ಟು 24 ತಾಸಿನ ಸೀಸನ್ನು, ಕೋಟಾ ಬಂದ್ಮೇಲೆ ಎಂಟು ತಿಂಗಳು ತಾಜಾ ಮೀನು ಮಾರಿದ್ರು. ನಮ್ಮಲ್ಲೂ ಕೋಟಾಕ್ಕೆ ಮುಂಚೆ ಹಂಗೇ, ಬಿರುಗಾಳಿ ಇದ್ರೂ ಅವತ್ತೇ ಹೋಗ್ಬೇಕಿತ್ತು, ಅಂಥ ಒಂದು ರಾತ್ರಿ ಗಾಳ ನನ್ನ ಅಂಗೈ ಸೀಳ್ಕೊಂಡು ಹೋಯ್ತು, ಬಟ್ಟೆ ಸುತ್ಕೊಂಡು ಬೆಳಗಿನ ತನಕ ಎಳೆದಿದೀನಿ. ಈಗ ಗಾಳಿ ಎದ್ರೆ ಹೊದ್ಕೊಂಡು ಮಲಗ್ತೀನಿ. ನನ್ನ ಟನ್ ಎಲ್ಲಿಗೂ ಓಡಲ್ಲ.

ಕಲಾಸಿ26: "ನನ್ನ ಟನ್"! ಅಲಾಸ್ಕಾ ಅಂದ್ರಲ್ಲ, ಅಲ್ಲೂ ಹಿಂದೆ ಹಿಡಿದ ಲೆಕ್ಕ ನೋಡಿ ಹಂಚಿದ್ದು ಬೋಟಿನ ಮಾಲೀಕರಿಗೆ, ಬೋಟು ಲೀಸಿಗೆ ತಗೊಂಡೋರಿಗೆ. ಹಿಡಿದ ಕೈ ಯಾರದ್ದು ಸ್ವಾಮಿ? 26 ವರ್ಷ ಎಳೆದೆ, ನನ್ನ ಪಾಲಿಗೆ ಬಂದಿದ್ದು ಸೊನ್ನೆ. ಈಗ ಲೀಸ್ ದುಡ್ಡು ಮುರ್ಕೊಂಡ ಮೇಲೇ ನಮ್ಮ ಪಾಲು ಲೆಕ್ಕ. ಆರು ಬೋಟಿನ ಕೋಟಾ ಎರಡು ಬೋಟಿಗೆ ಸೇರ್ತು, ಮಿಕ್ಕ ನಾಲ್ಕರ ಹುಡುಗ್ರು ಎಲ್ಲಿಗೆ ಹೋದ್ರು ಯಾರಾದ್ರೂ ಕೇಳಿದ್ರಾ? ಐಸ್‌ಲ್ಯಾಂಡಿನ ಇಬ್ರು ಮೀನುಗಾರರು ದೂರು ಕೊಟ್ಟಾಗ ವಿಶ್ವಸಂಸ್ಥೆ ಮಾನವ ಹಕ್ಕು ಸಮಿತಿನೇ 2007ರಲ್ಲಿ ಅಲ್ಲಿನ ಕೋಟಾ ಪದ್ಧತಿ ತಾರತಮ್ಯ ಅಂತು. ತಾನು ಹಿಡಿಯದ ಕೋಟಾನ ಸರ್ಕಾರಕ್ಕೆ ವಾಪಸ್ ಕೊಡದೆ ಮಾರ್ಕೊಂಡು ತಿನ್ನೋದು ಯಾವ ನ್ಯಾಯ?

ಗಾಳದಣ್ಣ: ನಷ್ಟ ಆದ ವರ್ಷ ಸಾಲದಲ್ಲಿ ಪಾಲು ಕೇಳ್ಕೊಂಡು ಬಂದಿದ್ಯಾ ನೀನು?

ಕಲಾಸಿ26: ಏಕವಚನ ಬೇಡ.

ಕಡಲಕೂಟ: ಜಗಳ ಬಿಡಿ. ನಮ್ದು ಕೋಟಾ ಅಲ್ಲ, ಸಂಘಕ್ಕೆ ಕೊಟ್ಟಿರೋ ಸಮುದ್ರದ ಜಾಗ, ಚಿಲಿಯಲ್ಲಿ 1991ರ ಕಾನೂನಿಂದ ಲೋಕೋ ಅನ್ನೋ ಸಮುದ್ರದ ಚಿಪ್ಪುಜೀವಿ ತೆಗೆಯೋರ ಸಂಘಗಳಿಗೆ ಕೊಟ್ರಲ್ಲ, ಆ ಥರ. ಮಾರೋ ಹಂಗಿಲ್ಲ, ಅದೇ ನೆಮ್ಮದಿ. ಆದ್ರೆ ಕಾವಲು! ಹೋದ ಸೀಸನ್‌ಗೆ ನಾನೊಬ್ನೇ 31 ರಾತ್ರಿ ಬೋಟಲ್ಲಿ ಕೂತಿದೀನಿ, ಟಾರ್ಚು ನಂದು, ಡೀಸೆಲ್ ನಂದು. ಕೊನೆಗೆ ಸಿಕ್ಕ ಕಳ್ಳ ಕಾರ್ಯದರ್ಶಿ ಭಾವಮೈದ. ದಂಡನೂ ಹಾಕ್ಲಿಲ್ಲ.

ಹರಕುಬಲೆ: ಹಾಗಾದ್ರೆ ನೆಮ್ಮದಿ ಎಲ್ಲಿ ಬಂತು?

ಕಡಲಕೂಟ: ಕೋಟಾ ಮಾರ್ಕೊಂಡೋನು ನಂಗೆ ಕೇಳ್ಬೇಡ.

ಹೊಸಹುಟ್ಟು: ನನ್ನ 14 ಟನ್ ವಿಷಯ... ಶುಕ್ರವಾರದೊಳಗೆ ಕಂಪನಿಗೆ ಹೇಳ್ಬೇಕು.

ಕಲಾಸಿ26: ಆ ಇಬ್ರು ಕಲಾಸಿಗಳನ್ನ ಕೇಳಿದೀರಾ?

ಗಾಳದಣ್ಣ: ಶುರುವಾಯ್ತು ಮತ್ತೆ.